ಪರ್ವತಯ್ಯ ಮೇಷ್ಟ್ರು ಮತ್ತು ತೂತು ಡ್ರಮ್ಮು

ಶಿರಾ ಕಡೆಯ ಹೈಸ್ಕೂಲುಗಳಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಪರ್ವತಯ್ಯ ಮೇಷ್ಟ್ರು ಒಂದು ದಿನವೂ ಹುಣಸೆ ಬರಲು ಮುಟ್ಟಿದವರಲ್ಲ. ನಾಲಿಗೆಯೇ ಸಾಕಾಗಿತ್ತು. "ಎಷ್ಟ್ ಸಲ ಹೇಳ್ಬೇಕು ನಿಂಗೆ? ತಲೇಲಿ ಮಿದುಳೈತೋ ಸಗಣಿ ಐತೋ?" ಎಂದು ಅವರು ಶುರು ಮಾಡಿದರೆ ಇಡೀ ಕ್ಲಾಸು ನಗುತ್ತಿತ್ತು. ಬೈಸಿಕೊಂಡವರು ಪಿರಿಯಡ್ ಮುಗಿಯುವವರೆಗೆ ಹೊರಗೆ ಬಿಸಿಲಿಗೆ ನಿಲ್ಲಬೇಕಿತ್ತು. ಈಗಲೂ ಸಂತೆಯಲ್ಲಿ ಸಿಕ್ಕ ಹಳೆಯ ಶಿಷ್ಯರು, "ನಿಮ್ಮ ಬೈಗುಳದಿಂದ್ಲೇ ಉದ್ಧಾರ ಆದ್ವಿ ಸಾ" ಎಂದು ಕಾಲು ಮುಟ್ಟುತ್ತಾರೆ. ಉದ್ಧಾರ ಆಗದವರು ಎದುರಿಗೆ ಬಂದು ಹೇಳುವುದುಂಟೆ? ಮೇಷ್ಟ್ರಿಗೆ ಮಾತ್ರ ಆ ಲೆಕ್ಕ ಹೊಳೆದಿರಲಿಲ್ಲ.

ಸೊಸೆ ಮಾನಸ ಆರೋಗ್ಯದ ಹೆಸರಿನಲ್ಲಿ ಕಾಯಿಸಿಕೊಡುವ ಓಟ್ಸ್ ಗಂಜಿ ಗಂಟಲಲ್ಲಿ ಇಳಿಯದೆ, ಅವರು ದಿನಾ ವಾಕಿಂಗ್ ನೆಪ ಹೇಳಿ ಹುಲಿಕುಂಟೆ ರಸ್ತೆಯ ರಾಮಾಂಜಿನಮ್ಮನ ಅಂಗಡಿಗೆ ಬರುತ್ತಿದ್ದರು. ತಗಡಿನ ಚಪ್ಪರ, ಎರಡು ಬೆಂಚು, ಮೂಲೆಯಲ್ಲೊಂದು ನೀಲಿ ನೀರಿನ ಡ್ರಮ್ಮು. ಎರಡು ತಟ್ಟೆ ಇಡ್ಲಿ ತಿಂದು, ಟೀ ಕುಡಿದು, ಪೇಪರನ್ನು ಕೊನೆಯ ಪುಟದವರೆಗೂ ಓದಿ ಏಳುವುದು ವಾಡಿಕೆ.

ಮಿಕ್ಕ ಗಿರಾಕಿಗಳೆಲ್ಲ ಹೋದ ಮೇಲೆ ಒಂದು ದಿನ ರಾಮಾಂಜಿನಮ್ಮ ಪುಸ್ತಕ ತೆರೆದು, ಪಕ್ಕದಲ್ಲಿ ಫೋನಿಟ್ಟುಕೊಂಡು ಅದರೊಂದಿಗೆ ಮಾತಾಡತೊಡಗಿದಳು. "ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ ಹೆಂಗಾಗ್ತೈತೆ?"

"ಒಳ್ಳೆಯ ಪ್ರಶ್ನೆ" ಎಂದಿತು ಫೋನು, ರೇಡಿಯೋದ ವಾರ್ತೆಯಂಥ ಕನ್ನಡದಲ್ಲಿ. "ನಿಮ್ಮ ಬಳಿ ನೀರಿನ ಡ್ರಮ್ ಇದೆಯೇ? ಅದಕ್ಕೆ ಸಣ್ಣ ತೂತು ಬಿದ್ದಿದೆ ಎಂದುಕೊಳ್ಳಿ. ದಿನಕ್ಕೆ ಎರಡು ಇಂಚು ನೀರು ಇಳಿಯುತ್ತದೆ, ಅದು ಮೈನಸ್ ಎರಡು. ಈಗ ಮೂರು ದಿನ ಹಿಂದಕ್ಕೆ ಹೋಗಿ, ಅದು ಮೈನಸ್ ಮೂರು. ಅಂದು ನೀರು ಇಂದಿಗಿಂತ ಆರು ಇಂಚು ಹೆಚ್ಚಿತ್ತಲ್ಲವೇ?"

"ತಿಳೀಲಿಲ್ಲ."

"ಪರವಾಗಿಲ್ಲ, ಇನ್ನೊಮ್ಮೆ ನೋಡೋಣ."

ಅವಳು ಮತ್ತೆ ಮತ್ತೆ ಕೇಳಿದಳು. ಅದು ಮತ್ತೆ ಮತ್ತೆ ಪರವಾಗಿಲ್ಲ ಎಂದಿತು. ಮೇಷ್ಟ್ರ ಕೈಯಲ್ಲಿದ್ದ ಟೀ ಆರಿಹೋಯಿತು.

"ಏನಮ್ಮ ಇದು, ಈ ವಯಸ್ಸಲ್ಲಿ?"

"ಎಸ್ಸೆಸ್ಸೆಲ್ಸಿ ಕಟ್ಟಿವ್ನಿ ಸಾ. ಅಂಗನವಾಡಿ ಸಹಾಯಕಿ ಕೆಲ್ಸ ಖಾಲಿ ಐತೆ, ಪಾಸಾಗಿರ್ಬೇಕಂತೆ. ಲೆಕ್ಕ ಒಂದೇ ತಲೆಗತ್ತಲ್ಲ. ಒಂಬತ್ತನೇ ಕ್ಲಾಸಲ್ಲಿ ನಿಮ್ಮನ್ನೂ ಇದ್ನೇ ಕೇಳಿದ್ದೆ" ಎಂದು ನಕ್ಕಳು. "ಆವತ್ತೇ ಕಡೆ ನೋಡಿ, ಆಮೇಲೆ ಸ್ಕೂಲ್ಗೇ ಬರ್ಲಿಲ್ಲ."

ಮೇಷ್ಟ್ರಿಗೆ ಇವಳ ಮುಖ ನೆನಪಿರಲಿಲ್ಲ. ಪ್ರಶ್ನೆ ನೆನಪಾಯಿತು, ತಾವು ಕೊಟ್ಟ ಉತ್ತರವೂ ನೆನಪಾಯಿತು. ಸಗಣಿಯಾದರೂ ಗೊಬ್ಬರಕ್ಕೆ ಬರುತ್ತದೆ, ನಿನ್ನ ತಲೆ ಅದಕ್ಕೂ ಬರುವುದಿಲ್ಲ ಎಂದಿದ್ದರು. ಆ ತಮಾಷೆಯನ್ನು ಆವತ್ತು ತಾವೇ ಮೆಚ್ಚಿಕೊಂಡಿದ್ದರು ಕೂಡ.

ಮನೆಗೆ ಬಂದವರೇ ಮಾನಸಳಿಂದ ತಮ್ಮ ಫೋನಿಗೂ ಆ ಮಾತಾಡುವ ಆ್ಯಪನ್ನು ಹಾಕಿಸಿಕೊಂಡರು. ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಕಳ್ಳನ ಹಾಗೆ ಪಿಸುದನಿಯಲ್ಲಿ ಅದೇ ಪ್ರಶ್ನೆ ಕೇಳಿದರು. ನಿಜ ಹೇಳಬೇಕೆಂದರೆ ಅವರಿಗೂ ಉತ್ತರ ಗೊತ್ತಿರಲಿಲ್ಲ. ಅವರ ಮೇಷ್ಟ್ರು ಅದನ್ನು ಸೂತ್ರವೆಂದು ಬಾಯಿಪಾಠ ಮಾಡಿಸಿದ್ದರು, ಇವರೂ ಜೀವಮಾನವೆಲ್ಲ ಅದನ್ನೇ ಮಾಡಿಸಿದ್ದರು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಮಗುವನ್ನು ಬಿಸಿಲಿಗೆ ನಿಲ್ಲಿಸಿದ್ದರು. ಆ ನಾಚಿಕೆ ಇಷ್ಟು ವರ್ಷ ಕಾದಿದ್ದು ಈಗ ಬಂದು ಎದೆಯ ಮೇಲೆ ಕೂತಿತು. "ಒಳ್ಳೆಯ ಪ್ರಶ್ನೆ" ಎಂದಿತು ಫೋನು. ಮೇಷ್ಟ್ರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಅಂದಿನಿಂದ ಅವರಿಗೆ ಒಂದೇ ಆಸೆ. ಆ ಹೆಣ್ಣುಮಗಳಿಗೆ ಈ ಒಂದು ಲೆಕ್ಕವನ್ನು ತಾವೇ, ಬೈಯದೆ, ಕಲಿಸಬೇಕು. ಡ್ರಮ್ಮಿನ ಪಾಠವನ್ನು ಕನ್ನಡಿಯ ಮುಂದೆ ಕೂಡ ಹೇಳಿ ನೋಡಿಕೊಂಡರು. "ಪರವಾಗಿಲ್ಲ, ಇನ್ನೊಮ್ಮೆ ನೋಡೋಣ" ಎನ್ನುವುದನ್ನಂತೂ ಹೊಸದಾಗಿ ಮಾತು ಕಲಿಯುವವರ ಹಾಗೆ ಅಭ್ಯಾಸ ಮಾಡಿದರು. ಆದರೆ ಅಂಗಡಿಯಲ್ಲಿ ಅವರು ಎಷ್ಟು ಹೊತ್ತು ಪೇಪರ್ ಹಿಡಿದು ಕೂತರೂ ರಾಮಾಂಜಿನಮ್ಮ ಫೋನನ್ನೇ ಕೇಳುತ್ತಿದ್ದಳು. ನನ್ನನ್ನು ಕೇಳು ಎನ್ನಲು ಇವರಿಗೆ ಬಾಯಿ ಬರುತ್ತಿರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಒಂದು ಬೆಳಗ್ಗೆ ಕರೆಂಟ್ ಹೋಗಿತ್ತು. ಅವಳ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಪುಸ್ತಕ ಹಿಡಿದು ಸ್ವಲ್ಪ ಹೊತ್ತು ಒದ್ದಾಡಿದವಳು ಕೊನೆಗೆ ಬೆಂಚಿನ ಹತ್ತಿರ ಬಂದಳು. "ಸಾ, ಬೇಜಾರ್ ಮಾಡ್ಕಬೇಡಿ. ಇದೊಂದ್ ಹೇಳ್ಕೊಡ್ತೀರಾ?"

ಮೇಷ್ಟ್ರಿಗೆ ಹಬ್ಬವಾಯಿತು. ಎದ್ದು ಡ್ರಮ್ಮಿನ ಪಕ್ಕ ನಿಂತು, ಬೆರಳಿನಿಂದ ಇಂಚು ತೋರಿಸಿ ತೋರಿಸಿ ವಿವರಿಸಿದರು. ಅವಳು ಹುಬ್ಬು ಗಂಟಿಕ್ಕಿದಳು. "ನೀರ್ ಇಳಿಯೋದು ಮೈನಸ್ ಅಂತ ಒಪ್ಕಂಡೆ ಸಾ. ಹಿಂದ್ಲ ದಿನ ಯಾಕೆ ಮೈನಸ್ಸು?"

"ಪರವಾಗಿಲ್ಲ ಕಣಮ್ಮ, ಇನ್ನೊಮ್ಮೆ ನೋಡಾಣ." ಎಷ್ಟು ಚೆನ್ನಾಗಿ ಬಂತು ಮಾತು! ಅವರಿಗೇ ಖುಷಿಯಾಯಿತು. ಮತ್ತೆ ಹೇಳಿದರು. ಅವಳು ಮತ್ತೆ ಅದನ್ನೇ ಕೇಳಿದಳು. ಇದ್ದಿಲಿನ ಚೂರು ತೆಗೆದು ಡ್ರಮ್ಮಿನ ಮೇಲೆ ಗೆರೆ ಎಳೆದು ತೋರಿಸಿದರು. ಅವಳು ಗೆರೆಯನ್ನೇ ನೋಡುತ್ತ ನಿಂತು, "ಇಲ್ಲ ಸಾ, ಆ ಹಿಂದ್ಲ ದಿನದ್ದೇ..." ಎಂದಳು.

"ಎಷ್ಟ್ ಸಲ ಹೇಳ್ಬೇಕು ನಿಂಗೆ? ತಲೇಲಿ ಮಿದುಳೈತೋ..."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದರು. ಅಷ್ಟರಲ್ಲಾಗಲೇ ಮಾತು ಹೊರಗೆ ಬಿದ್ದಿತ್ತು.

"ಸಗಣಿ ಐತೋ" ಎಂದು ರಾಮಾಂಜಿನಮ್ಮನೇ ಪೂರ್ತಿ ಮಾಡಿದಳು. ಸಿಟ್ಟಿರಲಿಲ್ಲ. ಮಕ್ಕಳು ಮಗ್ಗಿ ಒಪ್ಪಿಸುವ ದನಿ ಅದು. ನೆಲ ನೋಡುತ್ತ ಪುಸ್ತಕ ಮುಚ್ಚಿದಳು. "ಬುಡಿ ಸಾ, ಕರೆಂಟ್ ಬರ್ಲಿ. ಕುಂತ್ಕಳಿ, ಟೀ ಕೊಡ್ತೀನಿ."

ಅವರು ಕೂರಲಿಲ್ಲ. ತಪ್ಪಾಯ್ತಮ್ಮ ಎನ್ನಲು ನೋಡಿದರು. ಅಷ್ಟುದ್ದದ ನಾಲಿಗೆ ಆಗ ಮಾತ್ರ ಏಳಲಿಲ್ಲ. ಇದ್ದಿಲು ಹತ್ತಿದ ಕೈಯನ್ನು ಒರೆಸಿಕೊಳ್ಳದೆ ಚಪ್ಪರದಿಂದ ಹೊರಬಂದು ರಸ್ತೆಯ ಪಕ್ಕ ನಿಂತರು. ಬಿಸಿಲು ನೆತ್ತಿ ಸುಡುತ್ತಿತ್ತು, ಅಲ್ಲಿ ನೆರಳೆಂಬುದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಒಳಗೆ ಅವಳು ಅದೇ ಪ್ರಶ್ನೆ ಕೇಳುವುದೂ, ಫೋನು "ಒಳ್ಳೆಯ ಪ್ರಶ್ನೆ" ಎನ್ನುವುದೂ ಕೇಳಿಸಿತು.

"ಸಾ, ಟೀ ಆರ್ತೈತೆ, ಒಳಗ್ ಬನ್ನಿ" ಎಂದು ಅವಳು ಕೂಗಿದಳು. ಪಾಠ ಮುಗಿಯುವವರೆಗೂ ಮೇಷ್ಟ್ರು ಒಳಗೆ ಹೋಗಲಿಲ್ಲ.