ಹಿಂದಿನ ಗಾಲಿಯ ಸಾಕ್ಷಿ

ರಾಣೇಬೆನ್ನೂರಿನ ಮೌನೇಶಪ್ಪ ಮೇಸ್ತ್ರಿ ಯಾವ ಮೋಟಾರಿನ ಮುಖವನ್ನೂ ಮೊದಲು ನೋಡಿದವರಲ್ಲ. ಗಾಡಿ ನಿಂತೊಡನೆ ಹಿಂದಕ್ಕೆ ಹೋಗಿ, ನೆಲಕ್ಕೆ ಕೆನ್ನೆ ಹಚ್ಚಿ ಎರಡು ಗಾಲಿ ಕೂಡಿಸುವ ಅಚ್ಚನ್ನು ದಿಟ್ಟಿಸುತ್ತಿದ್ದರು. ದೇವರಿಗೆ ಅಷ್ಟು ಸಾಷ್ಟಾಂಗ ಹಾಕಿದ್ದರೆ ಮೋಕ್ಷ ತಪ್ಪುತ್ತಿರಲಿಲ್ಲ. ಮೂಲತಃ ಎತ್ತಿನ ಚಕ್ಕಡಿ ಮಾಡುವ ಬಡಿಗರು. ಹೆಂಡತಿ ತೀರಿದ ಮೇಲೆ ತಗಡಿನ ಶೆಡ್ಡಿನಲ್ಲೇ ಒಬ್ಬರೇ ಇದ್ದರು. ಎರಡು ರೊಟ್ಟಿ ಬಡಿದು, ಒಂದನ್ನು ಬಂದ ಗಿರಾಕಿಗೆ ಬಲವಂತದಿಂದ ತಿನ್ನಿಸುತ್ತಿದ್ದರು. ಗಿರಾಕಿ ಬಾರದ ದಿನ ಏನು ಮಾಡುತ್ತಿದ್ದರೋ, ನಾನು ಕೇಳಲಿಲ್ಲ.

ನಾನಾಗ ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರೊಬ್ಬರ ಡ್ರೈವರ್. ಅವರ ಕಾರು ಇದ್ದಕ್ಕಿದ್ದಂತೆ ಬಲಕ್ಕೆ ಎಳೆಯತೊಡಗಿತು; ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೇ ಹಿಡಿದಿರಬೇಕು. ಹಾವೇರಿಯಲ್ಲಿ ಇಬ್ಬರು ಮೇಸ್ತ್ರಿಗಳು ಮುಂದಿನ ಗಾಲಿಗಳನ್ನು ಬಿಚ್ಚಿ ಜೋಡಿಸಿ, ದೋಷವಿಲ್ಲವೆಂದು ತೀರ್ಪಿತ್ತರು. ಗಾಡಿಯಲ್ಲಿ ಇಲ್ಲದ ದೋಷ ಡ್ರೈವರನ ಕುಡಿತದಲ್ಲಿರಬೇಕೆಂದು ಸಾಹುಕಾರರು ತರ್ಕಿಸಿದರು. ನಾನು ಹೆಂಡ ಮುಟ್ಟಿದವನಲ್ಲ. ರಾಣೇಬೆನ್ನೂರಿನ ಮೇಸ್ತ್ರಿಯೂ ದೋಷವಿಲ್ಲವೆಂದರೆ ನಾನು ಕೆಲಸ ಬಿಡಬೇಕೆಂದು ಹೇಳಿ, ಸಾಹುಕಾರರು ತಾವೇ ಜೊತೆಗೆ ಬಂದರು.

ಮೌನೇಶಪ್ಪ ಒಲೆಯ ಬೂದಿಯನ್ನು ಜರಡಿ ಹಿಡಿದು ಅಂಗಳದಲ್ಲಿ ಹರಡಿ, ಅದರ ಮೇಲೆ ಗಾಡಿಯನ್ನು ನೆಟ್ಟಗೆ ಓಡಿಸಲು ಹೇಳಿದರು. ಎರಡು ಸಾಲು ಮೂಡಬೇಕಾದಲ್ಲಿ ನಾಲ್ಕು ಮೂಡಿದವು. ಹಿಂದಿನ ಗಾಲಿಗಳು ಮುಂದಿನವುಗಳ ಜಾಡು ಬಿಟ್ಟು ಎಡಕ್ಕೆ ನಡೆದಿದ್ದವು. ಕೂರಿಗೆ ಹಿಡಿದವ ನಿದ್ದೆಗೆಟ್ಟಿದ್ದರೆ ಬಿತ್ತನೆಯ ಸಾಲು ಹಾಗಿರುತ್ತದೆ.

“ಸಾವಕಾರ್ರ, ಕುಡದಾವ ಡ್ರೈವರ್ ಅಲ್ರಿ, ನಿಮ್ಮ ಹಿಂದಿನ ಅಚ್ಚು,” ಎಂದರು ಮೇಸ್ತ್ರಿ. “ಎಲ್ಲಾರೂ ಮುಂದಿದ್ದಾವನ್ನ ಬೈತಾರ. ಹಿಂದ ನಿಂತು ದೂಡಾವನ್ನ ಯಾರು ನೋಡ್ತಾರ್ರಿ?”

ಎಡಗಡೆಯ ಕಮಾನುಪಟ್ಟಿ ಸ್ಪ್ರಿಂಗಿಗೆ ಅಚ್ಚನ್ನು ಬಿಗಿದಿದ್ದ ಬೋಲ್ಟು ತುಂಡಾಗಿ, ಆ ಬದಿ ಬೆರಳಗಲ ಹಿಂದೆ ಸರಿದಿತ್ತು. ಸಾಹುಕಾರರು ಬೂದಿಯನ್ನು ಬಹಳ ಹೊತ್ತು ನೋಡಿದರು. ನನ್ನನ್ನು ಮಾತ್ರ ನೋಡದೆ ಚಹಾ ಕುಡಿಯಲು ಹೋದರು. ಅವರ ಮಟ್ಟಿಗೆ ಅದೇ ಕ್ಷಮಾಪಣೆ.

ಸಂಜೆಗೆ ಕಾರು ಎರಡೇ ಸಾಲಿನಲ್ಲಿ ಓಡಿತು. ಹೊರಡುವಾಗ ಮೇಸ್ತ್ರಿ ಬಾಗಿಲಿಗೆ ಕೈಯಿಟ್ಟು ನಿಂತರು.

“ಇನ್ನ ನೀ ಬರೂದಿಲ್ಲ ಬಿಡು, ತಮ್ಮಾ.”

“ಯಾಕ್ರಿ ಮೇಸ್ತ್ರಿ?”

“ಗಾಡಿ ಸುದ್ದ ಆತಲ್ಲ.”

ಬರುತ್ತೇನೆಂದು ನಕ್ಕು ಹೇಳಿದೆ. ಅವರು ಕೂಡಿಸಿದ ಅಚ್ಚು ಮತ್ತೆ ಕದಲಲಿಲ್ಲ. ಎರಡನೆಯ ಮಹಾಯುದ್ಧ ಬಂದು, ಪೆಟ್ರೋಲಿಗೆ ಬರಗಾಲ ಬಿದ್ದು, ಸಾಹುಕಾರರು ಕಾರನ್ನು ಮಾರುವವರೆಗೂ ಅದು ನೆಟ್ಟಗೇ ಓಡಿತು. ಆ ಶೆಡ್ಡಿನ ಮುಂದೆ ಎಷ್ಟೋ ಸಲ ಹಾದುಹೋದೆ. ನಿಲ್ಲಿಸಲು ಕಾರಣ ಸಿಗಲಿಲ್ಲ. ಕಾರಣವಿಲ್ಲದೆಯೂ ನಿಲ್ಲಿಸಬಹುದೆಂದು ತಿಳಿದ ದಿನ, ಒಳಗೆ ಮೇಸ್ತ್ರಿಯ ಒಲೆಯಿದ್ದ ಜಾಗದಲ್ಲಿ ಯಾರೋ ಹತ್ತಿಕಾಳಿನ ಚೀಲ ಒಟ್ಟಿದ್ದರು.