ಬಿಳಿ ಅಂಗಿಯ ದಿನದ ಜ್ವರ

ಮೇಲ್ನೋಟಕ್ಕೆ ಸಿದ್ದಾರೂಢ ಮಾಸ್ತರರು ಕೂಗಿದ ದರಕ್ಕೆ ಹೋಗುವ ಮಾಲು. ಎತ್ತರದ ನಿಲುವು, ಹುದ್ದೆಗೆ ತಕ್ಕಷ್ಟು ಹೊಟ್ಟೆ, ಬಣ್ಣ ಹಚ್ಚಿದ ಮೀಸೆ, ಮೂರು ಓಣಿಗೆ ಕೇಳುವ ಗಂಟಲು. ಚೀಲದ ಬಾಯಿ ಬಿಚ್ಚಿ ನೋಡಿದವರು ಒಂದನೇ ನಂಬರಿನ ದರವನ್ನೇ ಕಟ್ಟುತ್ತಾರೆ. ಕಾಳಿನ ಪೇಟೆಯಲ್ಲಿ ಪಳಗಿದ ನನ್ನಂಥವರು ಮಾತ್ರ ಮೊಣಕೈತನಕ ಕೈ ಇಳಿಸಿ ತಳದ ಕಾಳು ತೆಗೆದು ನೋಡುತ್ತಾರೆ. ಮಾಸ್ತರರ ಚೀಲದ ತಳಕ್ಕೆ ಕೈ ಇಳಿಯುವ ಪ್ರಸಂಗ ಬಂದದ್ದು ಹೋದ ವರ್ಷ, ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಕಾಲಕ್ಕೆ.

ಯಾವಗಲ್ ದಾಟಿ ಒಳಗೆ ಹೊರಳಿದರೆ ಸಿಗುವ ಒಂದು ಸಣ್ಣ ಊರಿನ ಸರಕಾರಿ ಶಾಲೆಗೆ ಅವರು ಮುಖ್ಯೋಪಾಧ್ಯಾಯರು. ಐದು ತರಗತಿ, ಇಬ್ಬರು ಶಿಕ್ಷಕರು. ಮನೆ ನರಗುಂದದಲ್ಲಿ, ದಿನಾ ಮೋಟರ್ ಸೈಕಲ್ಲಿನಲ್ಲಿ ಬರುತ್ತಾರೆ. ಹಾದಿಯಲ್ಲಿ ಹಳದಿ ವ್ಯಾನು ಎದುರಾಗುತ್ತದೆ. ಟ್ರ್ಯಾಕ್ಟರ್ ಇದ್ದವರ, ತಾರಸಿ ಮನೆ ಇದ್ದವರ ಮಕ್ಕಳೆಲ್ಲ ಅದರಲ್ಲಿ ಕೊರಳಿಗೆ ಟೈ ಬಿಗಿದುಕೊಂಡು ನರಗುಂದದ ಇಂಗ್ಲಿಷ್ ಶಾಲೆಗೆ ಹೊರಟಿರುತ್ತಾರೆ. ಮಾಸ್ತರರ ಇಬ್ಬರು ಮಕ್ಕಳೂ ಅಲ್ಲಿಯೇ ಓದುತ್ತಾರೆ. ಊರಿನ ಮಕ್ಕಳು ನರಗುಂದಕ್ಕೆ, ನರಗುಂದದ ಮಾಸ್ತರರು ಊರಿಗೆ: ದಿನಾ ಮುಂಜಾನೆ ನಡೆಯುವ ಈ ಅದಲುಬದಲಿನಲ್ಲಿ ಯಾರಿಗೆ ಲಾಭ ಎಂದು ಯಾರೂ ಕೇಳಿಲ್ಲ. ಗೌಂಡಿಗೆಲಸಕ್ಕೆ ಗೋವಾಕ್ಕೆ ಹೋದವರು ತಮ್ಮ ಮಕ್ಕಳನ್ನೂ ಒಯ್ದಿರುತ್ತಾರೆ. ಇವರೆಲ್ಲ ಕಳೆದು ಶಾಲೆಗೆ ಉಳಿಯುವವರು ಕೂಲಿಕಾರರ ಮಕ್ಕಳು, ಪಿಂಜಾರ ಓಣಿಯ ಮಕ್ಕಳು, ಅಜ್ಜಿಯರ ಸುಪರ್ದಿಗೆ ಬಿಟ್ಟ ಮಕ್ಕಳು.

ಇಂಥ ಶಾಲೆ ಕಲಿಕೆಯ ಪರೀಕ್ಷೆಯಲ್ಲಿ ಎಂದೂ ಶೇಕಡಾ ತೊಂಬತ್ತರ ಕೆಳಗೆ ಇಳಿದಿರಲಿಲ್ಲ. ಮಾಸ್ತರರು ಹಾರ ಹಾಕಿಸಿಕೊಂಡ ಫೋಟೋಗಳಿಂದ ಆಫೀಸಿನ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗವಿರಲಿಲ್ಲ. ಇದರ ಮರ್ಮ ಊರಿಗೆಲ್ಲ ಗೊತ್ತಿತ್ತು. ಮಕ್ಕಳ ಕಲಿಕೆ ಪರೀಕ್ಷಿಸಲು ಇಲಾಖೆಯ ಸಾಹೇಬರು ಬರುವ ಹಿಂದಿನ ದಿನ ಪ್ರಾರ್ಥನೆಯ ಹೊತ್ತಿಗೆ ಮಾಸ್ತರರು, "ನಾಳಿ ಒಬ್ಬರೂ ಸಾಲಿ ತಪ್ಪಸಂಗಿಲ್ಲ!" ಎಂದು ಗುಡುಗುತ್ತಿದ್ದರು. ಸಂಜೆ ಓದು ಬಾರದ ಮಕ್ಕಳ ಮನೆಯ ಮುಂದೆ ಗಾಡಿ ನಿಲ್ಲಿಸಿ ದನಿ ತಗ್ಗಿಸಿ, "ನಿಮ್ಮ ಹುಡುಗೀಗೆ ನಾಳಿ ಜ್ವರಾ ಬರತಾವ ನೋಡ್ರಿ" ಎನ್ನುತ್ತಿದ್ದರು. ರೋಣದ ದವಾಖಾನೆಯ ಡಾಕ್ಟರೂ ಜ್ವರವನ್ನು ಇಷ್ಟು ಖಚಿತವಾಗಿ ಮುಂಚೆಯೇ ಹೇಳಲಾರರು. ಮನೆಯವರಿಗೂ ಬೇಸರವಿರಲಿಲ್ಲ, ಹೊಲಕ್ಕೆ ಒಂದಾಳು ಸಿಕ್ಕಂತಾಗುತ್ತಿತ್ತು.

ಕ್ರಮೇಣ ಮನೆಮನೆಗೆ ಹೋಗುವ ತ್ರಾಸವೂ ತಪ್ಪಿತು. ಸಾಹೇಬರು ಬರುವ ದಿನ ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುತ್ತಿದ್ದರು, ಬೇರೆ ದಿನ ಎಂದೂ ಇಲ್ಲ. ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕುಳಿತ, ಓದು ಬಾರದ ಹಿಂದಿನ ಸಾಲಿನ ಮಕ್ಕಳು ಅಂಗಿಯ ಬಣ್ಣ ನೋಡುತ್ತಿದ್ದರು. ಬಿಳಿ ಕಂಡರೆ ಯಾರೂ ಹೇಳದೆ ಚೀಲ ಹೆಗಲಿಗೇರಿಸಿ ಮನೆಯ ಹಾದಿ ಹಿಡಿಯುತ್ತಿದ್ದರು. ತರಗತಿಯಲ್ಲಿ ಅವರು ಕಾಣದಿದ್ದುದನ್ನು ಮಾಸ್ತರರು ತಮ್ಮ ಪುಣ್ಯವೆಂದುಕೊಂಡರೇ ಹೊರತು ಕಾರಣ ಕೇಳಲು ಹೋಗಲಿಲ್ಲ.

ಹೋದ ವರ್ಷ ಬಂದ ಸಾಹೇಬರ ಕೆಲಸವೇ ಬೇರೆ: ತಲೆ ಎಣಿಸುವುದು. ಹಾಜರಿಯಲ್ಲಿ ಇದ್ದಷ್ಟು ಮಕ್ಕಳು ಕಣ್ಣಿಗೆ ಕಾಣದಿದ್ದರೆ ಒಬ್ಬ ಶಿಕ್ಷಕರು ಹೆಚ್ಚುವರಿ ಎಂದಾಗಿ ಬೇರೆ ಊರಿಗೆ ಹೋಗಬೇಕು. ಹೋಗಬೇಕಾದವರು ಕಿರಿಯ ಶಿಕ್ಷಕಿ ಉಮಾ ಅಕ್ಕೋರು. ಆ ಶಾಲೆಯಲ್ಲಿ ಪಾಠ ಎಂಬುದೇನಾದರೂ ನಡೆಯುತ್ತಿದ್ದರೆ ಅದು ಅಕ್ಕೋರಿಂದ. ಮಾಸ್ತರರದು ಹಾಲಿನ ಪುಡಿ, ಮೊಟ್ಟೆ, ಮೀಟಿಂಗು, ಮೊಬೈಲಿನಲ್ಲಿ ಮಾಹಿತಿ ತುಂಬುವುದು. ಸೀಮೆಸುಣ್ಣ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಐದೂ ತರಗತಿಗಳ ಎದುರು ತಾವೊಬ್ಬರೇ ನಿಂತ ಚಿತ್ರ ಕಣ್ಣಿಗೆ ಕಟ್ಟಿ ಈ ಸಲ ಜ್ವರ ಮಾಸ್ತರರಿಗೇ ಬಂದ ಹಾಗಾಯಿತು.

ಹಿಂದಿನ ದಿನ ಅವರು ಎಂದಿನಂತೆ ಗುಡುಗಿದರು. ಮಕ್ಕಳು ಎಂದಿನಂತೆ ಅದನ್ನು ನಂಬಲಿಲ್ಲ. ಮುಂಜಾನೆ ಬಿಳಿ ಅಂಗಿ ತೊಟ್ಟು, ಕಟ್ಟೆಯ ಮುಂದೆ ಹಾರ್ನ್ ಹೊಡೆದುಕೊಂಡು ಬಂದರು.

"ಏನ್ರಿ ಹೆಡ್ ಮಾಸ್ತರ, ಅರ್ಧಾ ಸಾಲಿ ಖಾಲಿ ಐತಲ್ಲ?" ಎಂದರು ಸಾಹೇಬರು.

"ಹೆಸರು ಬಿಡಸಾಕ ಹೋಗ್ಯಾವ್ರಿ ಸರ. ಈಗ ಕರಸ್ತೀನಿ. ನೀವು ಚಾ ತಗೋರಿ."

ಹೊರಗೆ ಪಡಸಾಲೆಯಲ್ಲಿ ಉಮಾ ಅಕ್ಕೋರು ಮೆಲ್ಲಗೆ, "ಸರ, ಇವತ್ತರ ಬ್ಯಾರೆ ಅಂಗಿ ಹಾಕ್ಕೊಂಡ ಬರಬೇಕಿತ್ರಿ" ಎಂದರು.

"ಯಾಕ್ರಿ, ಅಂಗೀಗೇನಾಗೇತಿ?"

"ಅದನ್ನ ನೋಡೇ ಓಡಿ ಹೋಗ್ಯಾರ್ರಿ ಹುಡುಗೂರು."

ಮಾಸ್ತರರು ಅಂಗಿಯನ್ನೊಮ್ಮೆ ನೋಡಿಕೊಂಡರು. ಎಲ್ಲ ತಿಳಿಯಿತು, ತಿಳಿದು ಮಾಡುವುದೇನೂ ಇರಲಿಲ್ಲ. ಶಾಲೆಯ ಸಮಿತಿ ಅಧ್ಯಕ್ಷ ದುರಗಪ್ಪನ ಟ್ರ್ಯಾಕ್ಟರು ಹೊರಗೇ ನಿಂತಿತ್ತು. ದುರಗಪ್ಪನನ್ನೂ ಕರೆದುಕೊಂಡು ಅದನ್ನು ಹತ್ತಿ ಹೊಲದ ಹಾದಿ ಹಿಡಿದರು.

"ಮುಂಜಾನಿ ಹೊಲಕ್ಕ ಬಿಡೋದು, ಆಮ್ಯಾಲ ಟ್ರ್ಯಾಕ್ಟರ್ ತಗೊಂಡು ಹುಡಕೋದು. ನೀವು ಕೂಲ್ಯಾವರ ಮೇಸ್ತ್ರಿಕಿ ಮಾಡಿದ್ರ ಚಲೋ ಇತ್ತು ನೋಡ್ರಿ ಮಾಸ್ತರ" ಎಂದ ದುರಗಪ್ಪ.

"ನಿಮ್ಮ ಮೊಮ್ಮಕ್ಕಳ್ನ ನಮ್ಮ ಸಾಲಿಗೆ ಹಾಕಿದ್ರ ಈ ತ್ರಾಸ ಯಾಕಿರತಿತ್ರಿ ಅಧ್ಯಕ್ಷರ?"

"ನಿಮ್ಮ ಮಕ್ಕಳ್ನ ಹಾಕ್ರಿ, ಮರುದಿನಾನ ನಾನೂ ಹಾಕ್ತೀನಿ."

ಮಾಸ್ತರರು ಮುಖ ತಿರುಗಿಸಿ ಹೊಲದಲ್ಲಿನ ತಲೆ ಎಣಿಸತೊಡಗಿದರು.

ಹೊಲಗಳಲ್ಲಿ ಸಿಕ್ಕ ಮಕ್ಕಳನ್ನು ಟ್ರೇಲರಿಗೆ ತುಂಬಿದ್ದಾಯಿತು. ಉಳಿದವರು ಪಿಂಜಾರ ಓಣಿಯವರು. ಅವರೆಲ್ಲ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಮೈಮುನಬಿಯ ಅಂಗಳದಲ್ಲಿ, ಅವಳ ಮೊಮ್ಮಗಳು ಶಬನಮಳ ಸುತ್ತ ಕುಳಿತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು.

"ಬರ್ರಿ ಸರ, ಕುಂದರ್ರಿ. ಎಲ್ಲಾರಿಗೂ ಜ್ವರಾ ಬಂದಾವ್ರಿ" ಎಂದಳು ಮೈಮುನಬಿ, ಕೌದಿಯಿಂದ ಕಣ್ಣೆತ್ತದೆ.

"ಜ್ವರ ಗಿರ ಏನಿಲ್ಲ ಮೈಮುನಮ್ಮಾ. ಲಗೂ ಕಳಸು, ಸಾಹೇಬ್ರು ಕುಂತಾರ."

"ನಿಮಗ ಬ್ಯಾಡಾದಾಗ ಬರತಾವ, ಬೇಕಾದಾಗ ಹೋಗತಾವ. ಇದೆಂಥಾ ಜ್ವರರೀ ಸರ?" ಎಂದು ದಾರ ಹಲ್ಲಿನಿಂದ ಕಡಿದಳು. "ಕಳಸ್ತೀನ್ರಿ. ಆದ್ರ ನಮ್ಮ ಶಬನಮ್ ಸಾಹೇಬ್ರ ಮುಂದ ಓದಬೇಕು."

"ಅಕೀಗೆ ಓದಾಕ ಬರಂಗಿಲ್ಲ ಬೇ!"

"ಅದನ್ನ ಸಾಹೇಬ್ರೂ ಕೇಳ್ಲಿ. ಐದನೇ ಕ್ಲಾಸ್ ಮುಟ್ಟ್ಯಾಳ ಹುಡುಗಿ. ತಲಿ ಎಣಸಾಕ ಬಂದಾವ್ರು ತಲ್ಯಾಗ ಏನೈತಿ ಅಂತಾನೂ ನೋಡ್ಕೊಂಡು ಹೋಗ್ಲಿ."

ಮಾಸ್ತರರು ಮನಸ್ಸಿನಲ್ಲೇ ತಕ್ಕಡಿ ಎತ್ತಿದರು. ಒಂದು ಪರಡಿಯಲ್ಲಿ ಗೋಡೆಯ ಫೋಟೋಗಳು, ಇನ್ನೊಂದರಲ್ಲಿ ಒಬ್ಬರೇ ಕಲಿಸಬೇಕಾದ ಐದು ತರಗತಿ. ತಕ್ಕಡಿ ತಡಮಾಡಲಿಲ್ಲ.

"ಓದಸ್ತೀನಿ. ಏಳ್ರಿ ಎಲ್ಲಾರೂ."

ಎಣಿಕೆ ಭರ್ತಿಯಾಯಿತು. ಸಾಹೇಬರು ಬ್ಯಾಗು ಹಿಡಿದು ಎದ್ದರು. ಹಿಂದೆಯೇ ಬಂದು ಬಾಗಿಲಿಗೆ ನಿಂತಿದ್ದ ಮೈಮುನಬಿ ಕೆಮ್ಮಿದಳು. "ಸರ, ಒಂದ್ ಹುಡುಗಿ ಓದೂದು ಕೇಳ್ಕೊಂಡ ಹೋಗ್ರಿ" ಎಂದರು ಮಾಸ್ತರರು. ಮೂರು ಓಣಿಗೆ ಕೇಳುವ ಗಂಟಲು ಆಗ ಪಕ್ಕದ ಬೆಂಚಿಗೂ ಕೇಳಲಿಲ್ಲ. ಎರಡನೇ ಸಲ ಹೇಳಬೇಕಾಯಿತು.

ಶಬನಮ ಪುಸ್ತಕ ಹಿಡಿದು ನಿಂತಳು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟಳು. ಒತ್ತಕ್ಷರ ಬಂದಲ್ಲಿ ನಿಂತುಬಿಟ್ಟಳು, ಮುಂದೆ ಹೋಗಲಿಲ್ಲ. ಆದರೆ ಕೂರಲೂ ಇಲ್ಲ. ಸಾಹೇಬರು ಬ್ಯಾಗು ಕೆಳಗಿಟ್ಟು, ಟ್ರೇಲರಿನಲ್ಲಿ ಬಂದ ಉಳಿದವರನ್ನೂ ಓದಿಸಿದರು. ಶೇಕಡಾ ತೊಂಬತ್ತು ಅನ್ನುವುದು ನಲವತ್ತರಲ್ಲಿ ಉಸಿರು ಬಿಟ್ಟಿತು.

"ಇಷ್ಟ ವರ್ಷ ಇವ್ರೆಲ್ಲಾ ಎಲ್ಲಿದ್ರೀ?" ಎಂದರು ಸಾಹೇಬರು.

ಮಾಸ್ತರರ ಬದಲು ಬಾಗಿಲಿನಿಂದ ಉತ್ತರ ಬಂತು: "ಜ್ವರದಾಗಿದ್ರು ಸಾಹೇಬ್ರ."

ಉಮಾ ಅಕ್ಕೋರು ಊರಿನಲ್ಲೇ ಉಳಿದರು. ಟ್ರೇಲರಿನ ಮಕ್ಕಳನ್ನೆಲ್ಲ ಮುಖ್ಯೋಪಾಧ್ಯಾಯರು ಖುದ್ದು ಓದಿಸಬೇಕು, ದೀಪಾವಳಿ ಮುಗಿದ ಮೇಲೆ ಮತ್ತೆ ಬಂದು ನೋಡುತ್ತೇನೆ ಎಂದು ಸಾಹೇಬರು ಹೇಳಿಹೋದರು. ಮಾಸ್ತರರು ಸೀಮೆಸುಣ್ಣ ಹಿಡಿದರು. ಮೊದಲ ವಾರ ಬರೀ ಬೈಗುಳ. ಎರಡನೇ ವಾರ ಬೈದು ದಣಿದು ಕಲಿಸತೊಡಗಿದರು. ಕಾಗುಣಿತ ಮೂರು ಓಣಿಗೂ ಕೇಳುತ್ತಿತ್ತು. ಸಂತೆಗೆ ಹೊರಟವರ ಬಾಯಲ್ಲೂ ಅದೇ ಗುನುಗು.

ಮಾಸ್ತರರಿಗೆ ಮಕ್ಕಳ ಮೇಲೆ ಮಮತೆ ಉಕ್ಕಿತೆಂದು ಯಾರೂ ತಿಳಿಯಬಾರದು. ದೀಪಾವಳಿ ಬಂದು ಹೋಯಿತು. ಸಾಹೇಬರಿಗೆ ವರ್ಗವಾಗಿ, ಅವರು ಬರಲೇ ಇಲ್ಲ. ಮಾಸ್ತರರು ಅಂದೇ ಸೀಮೆಸುಣ್ಣ ಕೆಳಗಿಡುತ್ತಿದ್ದರು. ಆದರೆ ಮೈಮುನಬಿ ದಿನಾ ಮಧ್ಯಾಹ್ನ ಕೌದಿ ತಂದು ಶಾಲೆಯ ಬಾಗಿಲಲ್ಲೇ ಹೊಲಿಯುತ್ತ ಕೂರತೊಡಗಿದ್ದಳು. ಪಾಠ ನಿಂತರೆ ಸೂಜಿಯೂ ನಿಲ್ಲುತ್ತಿತ್ತು, ಕಣ್ಣು ಮೇಲೇಳುತ್ತಿತ್ತು. ಆ ಕಣ್ಣಿಗೆ ವರ್ಗವಾಗುವ ಹಾಗಿರಲಿಲ್ಲ.

ಪರೀಕ್ಷೆಯ ದಿನ ಇಲ್ಲಿ ಈಗ ಯಾರಿಗೂ ಜ್ವರ ಬರುವುದಿಲ್ಲ, ಹಾಗಾಗಿ ಸುತ್ತಲಿನ ಶಾಲೆಗಳಲ್ಲಿ ಈ ಶಾಲೆಯದು ಕಟ್ಟಕಡೆಯ ಸ್ಥಾನ. ಮಾಸ್ತರರಿಗೆ ಹಾರ ಹಾಕುವವರಿಲ್ಲ. ಅವರ ಮಕ್ಕಳು ಈಗಲೂ ನರಗುಂದದಲ್ಲೇ ಓದುತ್ತಾರೆ. ಶಬನಮ ಒತ್ತಕ್ಷರ ಬಂದಲ್ಲಿ ಒಂದು ಉಸಿರು ನಿಂತು, ದಾಟಿ ಓದುತ್ತಾಳೆ.

ಆ ಟ್ರೇಲರಿನಲ್ಲಿ ಬಂದವರಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಈಗ ಅವಳಿಗೆ ಓದಲು ಬರುತ್ತದೆ. ಕಲಿಸಿದವರು ಸಿದ್ದಾರೂಢ ಮಾಸ್ತರರು. ಆ ಉಪಕಾರ ನನ್ನ ಮೇಲಿದೆ.