ಸುಂಕ್ಲಮ್ಮನ ತಿರುವು ಮತ್ತು ಈರಣ್ಣ ಮಾವ

ನಮ್ಮ ಈರಣ್ಣ ಮಾವ ಬಚ್ಚಲಿಗೆ ಹೋಗುವಾಗಲೂ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿಯೇ ಅಂಗಳ ದಾಟುತ್ತಿದ್ದರು. ಅಂಗಳದಲ್ಲಿದ್ದದ್ದು ಒಂದು ಮುದಿ ಎಮ್ಮೆ, ಅದನ್ನೂ ಗೂಟಕ್ಕೆ ಕಟ್ಟಿರುತ್ತಿದ್ದರು. "ಕಟ್ಟಿದ್ದು ಬಿಚ್ಕೊಳ್ಳಾಕ ಎಷ್ಟೊತ್ತು ಬೇಕೋ ಅಳಿಯಾ?" ಎನ್ನುತ್ತಿದ್ದರು. ಬಸ್ ಓಡಿಸಿಯೇ ತಲೆ ನೆರೆತ ಮನುಷ್ಯ. ನಿವೃತ್ತಿಯಾಗಿ, ಆಂಧ್ರದ ಗಡಿಯೊಳಗಿನ ನಮ್ಮೂರು ಪೆದ್ದಹರಿವಾಣದ ಮನೆಗೆ ಬಂದು ಕೂತರೂ ಸಂಶಯವನ್ನು ಡಿಪೋದಲ್ಲಿ ಒಪ್ಪಿಸಿ ಬಂದಿರಲಿಲ್ಲ.

ನಾನು ಅವರ ಅಕ್ಕನ ಮಗ. ನನಗೆ ಬೈಕು ಕಲಿಸಿದವರು ಅವರೇ. ಮೊದಲ ದಿನ ಕಲಿಸಿದ್ದು ಕ್ಲಚ್ ಅಲ್ಲ, ಅಪನಂಬಿಕೆ. "ಮುಂದಿನವ ಬಲಕ್ಕ ಇಂಡಿಕೇಟರ್ ಹಾಕ್ಯಾನಂದ್ರ ಬಲಕ್ಕ ತಿರುಗ್ತಾನಂತ ತಿಳೀಬ್ಯಾಡ. ಬಲ್ಬು ಚಲೋ ಐತಿ ಅಂತ ತಿಳಿ, ಅಷ್ಟ." ಹತ್ತಿರದ ಆದವಾನಿ ಪಟ್ಟಣ ಬೆಳೆದಂತೆ ರಸ್ತೆಯಲ್ಲಿ ಬಿದ್ದವರ ಸುದ್ದಿಯೂ ಬೆಳೆಯಿತು. ಮೊದಲು ಲಾರಿಗೆ ಲಾರಿ ಗುದ್ದುತ್ತಿದ್ದವು, ಈಗ ಬೀಳುವವರೆಲ್ಲ ಬೈಕಿನವರು. ಸುದ್ದಿ ಬಂದಾಗೆಲ್ಲ ಮಾವ ಕೇಳುತ್ತಿದ್ದುದು, "ಯಾರು ಬಿದ್ರು ಆಮ್ಯಾಲೆ ಹೇಳು, ಎಲ್ಲಿ ಬಿದ್ರು?"

ಬಹಳ ಸಲ ಉತ್ತರ ಒಂದೇ: ಸುಂಕ್ಲಮ್ಮನ ತಿರುವು. ಆದವಾನಿಗೆ ಹೋಗುವ ದಾರಿಯಲ್ಲಿ, ಹಿಂದೆ ಯಾರೋ ಸತ್ತ ಜಾಗದಲ್ಲಿ, ತಾಯಿ ಕಾಯಲಿ ಎಂದು ಊರವರೇ ನಿಲ್ಲಿಸಿದ ಗ್ರಾಮದೇವತೆ ಸುಂಕ್ಲಮ್ಮನ ಕಲ್ಲು ಅಲ್ಲಿತ್ತು. ಬೈಕಿನವರು ನಿಲ್ಲಿಸುತ್ತಿರಲಿಲ್ಲ. ತಿರುವಿನಲ್ಲೇ ಹ್ಯಾಂಡಲ್ ಬಿಟ್ಟು, ಕೈಯನ್ನು ಎದೆಗೂ ಹಣೆಗೂ ಮುಟ್ಟಿಸಿಕೊಂಡು ಮುಂದೆ ಹೋಗುತ್ತಿದ್ದರು. ಭಕ್ತಿ ಉಕ್ಕಿದವರು ಎರಡೂ ಕೈ ಬಿಡುತ್ತಿದ್ದರು. ಎದುರಿನಿಂದ ಭತ್ತದ ಲಾರಿ ಬಂದರೆ ಮುಗಿಯಿತು. ಬೀಳುವವರು ಹೆಚ್ಚಿದಷ್ಟೂ ಜನ ಹೆಚ್ಚು ಕೈ ಮುಗಿದರು, ಹೆಚ್ಚು ಕೈ ಮುಗಿದಷ್ಟೂ ಹೆಚ್ಚು ಬಿದ್ದರು. ಮಾವನಿಗೆ ಕಲ್ಲಿನ ಮೇಲೆಯೇ ಸಂಶಯ ಹತ್ತಿತು.

ಅವರ ಒಬ್ಬಳೇ ಮಗಳು ನಾಗವೇಣಿ ಆದವಾನಿಯ ಶಾಲೆಯೊಂದರಲ್ಲಿ ಟೀಚರ್. ದಿನಾ ಅದೇ ದಾರಿಯಲ್ಲಿ ಸ್ಕೂಟಿ. ಅವಳೂ ಕೈ ಬಿಡುವವಳೇ. "ಮುಗೀದ ಹೋದ್ರ ಮನಸು ತಡೀತದೇನಪ್ಪಾ?" ಎಂದುಬಿಡುತ್ತಿದ್ದಳು. ಮಾವ ಊರ ಹಿರಿಯರ ಬಳಿಗೆ ಹೋಗಿ, ಕಲ್ಲನ್ನು ರಸ್ತೆ ನೆಟ್ಟಗಿರುವ ಬೇವಿನ ಮರದ ಕೆಳಗೆ ಇಡೋಣ ಎಂದರು.

"ಕಲ್ಲಿನ ಹಿಂದಿನ ಹೊಲ ನಿಂದಾ ಅಲ್ಲೇನು ಈರಣ್ಣಾ? ತಾಯಿನ್ನ ಎಬ್ಬಿಸಿ ಅಂಗಡಿ ಹಾಕ್ತೀಯೇನು?" ಎಂದರು ಹಿರಿಯರು.

ಊರನ್ನೆಲ್ಲ ಸಂಶಯದಿಂದ ನೋಡಿದವರನ್ನು ಊರೂ ಹಾಗೆಯೇ ನೋಡಿತು. ನನಗೆ ನಗು ಬಂದಿತ್ತು, ಪಾಪ ಅಂತಲೂ ಅನಿಸಿತ್ತು. ಮಾವ ತಿರುವಿನಲ್ಲಿ ಮಂಚ ಹಾಕಿಕೊಂಡು ಕೂತು ಕನ್ನಡ, ತೆಲುಗು ಎರಡೂ ಭಾಷೆಯಲ್ಲಿ ಕೂಗತೊಡಗಿದರು. "ಕೈ ಬಿಡಬ್ಯಾಡ್ರೋ! ಚೇತುಲು ವದಲೊದ್ದು!"

ಒಂದು ಸಂಜೆ ನಾಗವೇಣಿ ಬರುವುದು ಕಂಡು ಇನ್ನೂ ಜೋರಾಗಿ ಕೂಗಿದರು. ಅವಳು ಬೆಚ್ಚಿ ಅಪ್ಪನ ಕಡೆ ತಿರುಗಿದಳು, ಸ್ಕೂಟಿ ಮರಳಿಗೆ ಜಾರಿತು. ಮುಂಗೈ ಮುರಿಯಿತು. "ನಿನ್ನ ಕೂಗಿಗೇ ಬಿದ್ನೆಪ್ಪಾ," ಎಂದು ಅತ್ತಳು.

ಮಾವ ಮಂಚ ಮನೆಗೆ ತಂದರು. ಊಟ ಸೇರುತ್ತಿರಲಿಲ್ಲ. "ಕೈ ಕೂಡಿಕೊಳ್ತತಿ ಬಿಡು ಮಾವ," ಎಂದೆ. "ಕೂಡಿದ ಮ್ಯಾಲೆ ಆಕಿ ಮತ್ತ ಅದಾ ದಾರಿಗೆ ಹೋಗ್ತಾಳಲ್ಲೋ," ಎಂದರು.

ಊರ ಮಗಳೇ ಬಿದ್ದ ಮೇಲೆ ಹಿರಿಯರೂ ಮೆತ್ತಗಾದರು. ತಾಯಿಯನ್ನೇ ಕೇಳೋಣ ಎಂದರು. ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಕಣಗಿಲೆ ಹೂ ಅಂಟಿಸುವುದು. ಬಲದ ಹೂ ಮೊದಲು ಬಿದ್ದರೆ ತಾಯಿ ಒಪ್ಪಿದಳು, ಎಡದ್ದು ಬಿದ್ದರೆ ಇಲ್ಲ. ಹೂ ಕೇಳುವ ದಿನ ಬೆಳಿಗ್ಗೆ, ಎಂದೂ ಇಲ್ಲದಂತೆ, ಮಾವ ತಾವೇ ನೀರು ಹೊತ್ತು ಕಲ್ಲು ತೊಳೆದರು. ಪೂಜಾರಿ ಹೂ ಅಂಟಿಸಿದ. ಹಲಗೆ ಬಾರಿಸುತ್ತಿದ್ದಂತೆ ಬಲದ ಹೂ ಬಿತ್ತು. "ತಾಯಿ ಒಪ್ಪಿದ್ಲು!" ಎಂದು ಜನ ಕೂಗಿದರು.

ನಾನು ನಮಸ್ಕಾರಕ್ಕೆಂದು ಬಗ್ಗಿದಾಗ ಎಡಭುಜದ ಹೂವಿನ ಸುತ್ತ ಕೆಂಪಿರುವೆ ಮುತ್ತಿದ್ದವು. ಬೆಲ್ಲದ ವಾಸನೆ. ಮಾವನ ಕಡೆ ನೋಡಿದೆ. ಅವರು ರಸ್ತೆ ನೋಡುತ್ತಿದ್ದರು.

ಕಲ್ಲು ಬೇವಿನ ಮರದಡಿಗೆ ಹೋಯಿತು. ಅಲ್ಲಿ ಜನ ಗಾಡಿ ನಿಲ್ಲಿಸಿ, ಇಳಿದು ಕೈ ಮುಗಿಯುತ್ತಾರೆ. ತಿರುವಿನಲ್ಲಿ ಬೀಳುವವರು ಕಡಿಮೆಯಾದರು. ನಾಗವೇಣಿ ಮತ್ತೆ ಸ್ಕೂಟಿ ಹತ್ತಿದಳು.

ಮಾವ ಹಾಸಿಗೆ ಹಿಡಿದದ್ದು ಕಳೆದ ಬೇಸಿಗೆಯಲ್ಲಿ, ಹೊಟ್ಟೆಬೇನೆಯಿಂದ. ತೀರಿಕೊಂಡ ವಾರ ಆದವಾನಿಯ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ನಾಗವೇಣಿ ಎಳನೀರು ತರಲು ಹೋಗಿದ್ದಳು. ತಡೆಯಲಾರದೆ ಕೇಳಿಬಿಟ್ಟೆ.

"ಮಾವ, ಅವತ್ತು ತಾಯಿ ಭುಜಕ್ಕ ಇರುವಿ ಯಾಕ ಬಂದಿದ್ವು?"

ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು. "ಬೆಲ್ಲ ಹಚ್ಚಿದ್ನೆಪ್ಪಾ. ಎಡದ ಹೂವು ಬೀಳಬಾರದಂತ."

ನಾನು ನಕ್ಕೆ. "ನೀನು ಮನುಷ್ಯಾರನ್ನೂ ನಂಬೋದಿಲ್ಲ, ದೇವರನ್ನೂ ನಂಬೋದಿಲ್ಲ."

ಅವರು ನಗಲಿಲ್ಲ. "ನಂಬದಿದ್ರ ಹೆದರಿಕಿ ಎಲ್ಲಿಂದ ಬರ್ತಿತ್ತೋ? ಬೆಲ್ಲ ಹಚ್ಚತಾನಾ ಬೇಡಿಕೊಂಡೀನಿ. ಅವ್ವಾ, ಮೋಸ ಮಾಡಾಕತ್ತೀನಿ, ಸಿಟ್ಟು ಬಂದ್ರ ನನ್ನ ಮ್ಯಾಲೆ ತೀರಿಸ್ಕೋ, ಹುಡುಗಿನ್ನ ಬಿಡು ಅಂತ."

ಹೊರಗೆ ಸ್ಕೂಟಿ ನಿಂತ ಸದ್ದಾಯಿತು. ಮಾವ ಕಿವಿಗೊಟ್ಟು ಕೇಳಿದರು, ಆಮೇಲೆ ನೋಯುವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.

"ಮಾತು ಉಳಿಸ್ಕೊಂಡ್ಲು ನೋಡು, ತಾಯಿ."